ಗ್ಲಾನ್ಸು, ಗೇಜು ಮತ್ತು ಅಮ್ಮನ ಜಡೆ

ಒಂದೇ ವಾರದಲ್ಲಿ ಇಬ್ಬರು ಸ್ನೇಹಿತರು ನನ್ನ ಹತ್ತಿರ ಎರಡು ಇಂಗ್ಲಿಷ್ ಪದಗಳಿಗೆ ಕನ್ನಡ ಕೇಳಿದರು. ಮೊದಲನೆಯವನು ಆ್ಯಪ್ ಡಿಸೈನ್ ಮಾಡುವವನು. ಮನೆ ಖರ್ಚಿನ ಲೆಕ್ಕ ಇಡುವ ಆ್ಯಪ್ ಅದು, ಮೊದಲ ಸ್ಕ್ರೀನಿನ ಮೇಲೆ ‘ಅಟ್ ಎ ಗ್ಲಾನ್ಸ್’ ಅಂತ ಇತ್ತು. ‘ಒಂದೇ ನೋಟದಲ್ಲಿ’ ಅಂತ ಹಾಕು ಅಂದೆ. ಖುಷಿಯಾಗಿ ಹೋದ. ಎರಡನೆಯವಳು ಸಿನಿಮಾ ಬಗ್ಗೆ ಬರೆಯುವವಳು. ‘ಮೇಲ್ ಗೇಜ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀಯ ಅಂದಳು. ‘ಪುರುಷ ನೋಟ’ ಅಂದೆ. ಅವಳೂ ಹೋದಳು. ರಾತ್ರಿ ಹಲ್ಲುಜ್ಜುವಾಗ ಹೊಳೆಯಿತು: ಇಬ್ಬರಿಗೂ ಒಂದೇ ಪದ ಕೊಟ್ಟು ಕಳಿಸಿದ್ದೀನಿ. ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಎದುರುಬದುರು ನಿಲ್ಲುವ ಎರಡು ಪದಗಳಿಗೆ ನನ್ನ ಜೇಬಿನಲ್ಲಿ ಇದ್ದದ್ದು ಒಂದೇ ‘ನೋಟ’.

ನಿಘಂಟು ತೆಗೆದರೆ ವಿಷಯ ಸುಲಭ. ಗ್ಲಾನ್ಸ್ ಅಂದರೆ ಥಟ್ಟಂತ ನೋಡಿ ಕಣ್ಣು ತೆಗೆಯೋದು. ಗೇಜ್ ಅಂದರೆ ಕಣ್ಣು ನೆಟ್ಟು ತುಂಬಾ ಹೊತ್ತು ನೋಡೋದು. ಒಂದು ಗಿಡ್ಡ, ಇನ್ನೊಂದು ಉದ್ದ, ಅಷ್ಟೇ. ಆದರೆ ಪದಗಳ ಹಳೇ ಜಾತಕ ತೆಗೆದರೆ ಇನ್ನೂ ಏನೋ ಸಿಗುತ್ತದೆ. ಗ್ಲಾನ್ಸ್ ಮೊದಮೊದಲು ಕಣ್ಣಿಗೆ ಸೇರಿದ ಪದವೇ ಅಲ್ಲ. 15ನೇ ಶತಮಾನದ ಇಂಗ್ಲಿಷಿನಲ್ಲಿ ಅದು ಆಯುಧದ ಪದ. ಬೀಸಿದ ಕತ್ತಿ ನೇರವಾಗಿ ನಾಟದೆ, ಓರೆಯಾಗಿ ತಾಗಿ ಜಾರಿಹೋದರೆ ಅದು ಗ್ಲಾನ್ಸ್. ಕಣ್ಣಿಗೆ ಬಂದದ್ದು ಆಮೇಲೆ. ಆ ಹಳೇ ಅರ್ಥ ಇವತ್ತಿಗೂ ಎಲ್ಲಿ ಉಳಿದುಕೊಂಡಿದೆ ಅಂತ ಕ್ರಿಕೆಟ್ ನೋಡುವವರಿಗೆ ಹೇಳಬೇಕಾಗಿಲ್ಲ. ಲೆಗ್ ಗ್ಲಾನ್ಸ್! ರಣಜಿತ್‌ಸಿಂಹಜೀ ಹೆಸರಿನ ಜೊತೆ ಅಂಟಿಕೊಂಡಿರುವ ಹೊಡೆತ. ಬ್ಯಾಟು ಚೆಂಡನ್ನು ಹೊಡೆಯೋದಿಲ್ಲ, ಸುಮ್ಮನೆ ತಾಗುತ್ತದೆ, ಚೆಂಡು ಅದರದ್ದೇ ವೇಗದಲ್ಲಿ ಹಿಂದಕ್ಕೆ ಜಾರುತ್ತದೆ. ಶ್ರಮ ಬೌಲರ್‌ದು, ರನ್ ಬ್ಯಾಟ್ಸ್‌ಮನ್‌ದು. ಈ ಕೊನೆಯ ವಾಕ್ಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಗೇಜ್ ಪದಕ್ಕೆ ಪಂಡಿತರು ಸ್ಕ್ಯಾಂಡಿನೇವಿಯಾ ಕಡೆಯ ನಂಟು ಹೇಳುತ್ತಾರೆ. ಅಲ್ಲಿನ ಆಡುಮಾತಿನಲ್ಲಿ ಅದರ ದಾಯಾದಿ ಪದಕ್ಕೆ ಬಾಯಿ ತೆರೆದುಕೊಂಡು ನೋಡೋದು ಅನ್ನುವ ಅರ್ಥ ಇದೆಯಂತೆ. ನಮ್ಮಲ್ಲೂ ‘ಏನೋ ಹಂಗೆ ಬಾಯ್ ಬಿಟ್ಕೊಂಡು ನೋಡ್ತಿದೀಯ’ ಅಂತ ಬೈಯೋದಿಲ್ವಾ? ಅದೇ. ಅಂದರೆ ಗೇಜ್ ಮಾಡುವವನು ತನ್ನ ಮರ್ಯಾದೆ ಸ್ವಲ್ಪ ಬಿಟ್ಟುಕೊಟ್ಟಿರುತ್ತಾನೆ. ತಾನು ಹೇಗೆ ಕಾಣ್ತಿದೀನಿ ಅನ್ನೋದು ಅವನಿಗೆ ಮರೆತುಹೋಗಿರುತ್ತದೆ.

ಕನ್ನಡ ಬಡ ಭಾಷೆ ಅಂತ ಯಾರೂ ತಿಳಿಯಬೇಡಿ. ‘ನೋಟ’ ಒಂದೇ ಹೊಳೆದದ್ದು ನನ್ನ ಬಡತನ. ಕಣ್ಣು ಹಾಯಿಸು, ಕಣ್ಣಾಡಿಸು, ಇಣುಕು, ಓರೆಗಣ್ಣು, ಕುಡಿನೋಟ, ದಿಟ್ಟಿಸು, ಎವೆಯಿಕ್ಕದೆ ನೋಡು, ದುರುಗುಟ್ಟು — ಎಲ್ಲ ಇದೆ. ಇನ್ನೊಂದು ತಮಾಷೆ ನೋಡಿ. ನಮ್ಮಲ್ಲಿ ಗಿಡ್ಡ ನೋಟಕ್ಕೆ ಒಳ್ಳೆ ಹೆಸರು, ಉದ್ದ ನೋಟಕ್ಕೆ ಕೆಟ್ಟ ಹೆಸರು. ಕಟಾಕ್ಷ ಅಂದರೆ ಕಣ್ಣಂಚಿನ ನೋಟ. ದೇವರದ್ದೋ ಸಾಹೇಬರದ್ದೋ ಅಷ್ಟು ಸಿಕ್ಕರೆ ಸಾಕು, ಬದುಕು ಬಂಗಾರ. ಅದೇ ಯಾರಾದರೂ ಮಗುವನ್ನು ಜಾಸ್ತಿ ಹೊತ್ತು ನೋಡಿದರೋ, ದೃಷ್ಟಿ ಆಯ್ತು ಅಂತ ಅಜ್ಜಿ ಉಪ್ಪು ಮೆಣಸಿನಕಾಯಿ ಹಿಡಿದು ಬರುತ್ತಾಳೆ. ಜೊತೆಗೆ ಇನ್ನೂ ಒಂದು ಪದ ಇದೆ, ಕಡೆಗಣ್ಣು. ಕಡೆಗಣ್ಣು, ಕಡೆಗಣಿಸು. ಕಿವಿಗೆ ಇವೆರಡೂ ಅಕ್ಕತಂಗಿಯರ ಹಾಗೆ ಕೇಳುತ್ತವೆ.

ವಿಮರ್ಶೆಯ ಲೋಕದಲ್ಲೂ ಉದ್ದ ನೋಟಕ್ಕೇ ಕೆಟ್ಟ ಹೆಸರು ಬಂದದ್ದು ಹೇಗೆ ಅನ್ನೋದು ಸ್ವಾರಸ್ಯದ ಕಥೆ. ಫ್ರೆಂಚಿನಲ್ಲಿ ‘ರೆಗಾರ್’ ಅಂತ ಒಂದು ಮಾಮೂಲಿ ಪದ ಇದೆ, ನಮ್ಮ ‘ನೋಟ’ದ ಹಾಗೇ ಎಲ್ಲದಕ್ಕೂ ಸಲ್ಲುವಂಥದ್ದು. ಇನ್ನೊಬ್ಬರು ನಮ್ಮನ್ನು ನೋಡ್ತಿದಾರೆ ಅಂತ ಗೊತ್ತಾದ ಕ್ಷಣ ನಾವು ವಸ್ತುವಿನ ಹಾಗೆ ಆಗಿಬಿಡ್ತೀವಿ ಅಂತ ಸಾರ್ತ್ರ್ 1943ರಲ್ಲಿ ಬರೆದ. ಅವನ ‘ರೆಗಾರ್’ 1956ರ ಇಂಗ್ಲಿಷ್ ಅನುವಾದದಲ್ಲಿ ‘ಲುಕ್’ ಆಯಿತು. ವೈದ್ಯರು ರೋಗಿಯನ್ನು ನೋಡುವ ರೀತಿಯ ಬಗ್ಗೆ ಫೂಕೋ 1963ರಲ್ಲಿ ಪುಸ್ತಕ ಬರೆದ. ಅವನ ‘ರೆಗಾರ್’ 1973ರ ಅನುವಾದದಲ್ಲಿ ‘ಗೇಜ್’ ಆಯಿತು. ಒಂದೇ ಪದ, ಇಂಗ್ಲಿಷಿಗೆ ಬರುವಾಗ ಎರಡು ವೇಷ. 1975ರಲ್ಲಿ ಲಾರಾ ಮಲ್ವಿ ‘ಸ್ಕ್ರೀನ್’ ಪತ್ರಿಕೆಯಲ್ಲಿ ತಮ್ಮ ಹೆಸರಾಂತ ಲೇಖನ ಪ್ರಕಟಿಸಿದರು. ಅಲ್ಲಿಂದ ‘ಮೇಲ್ ಗೇಜ್’ ಅನ್ನುವ ಮಾತು ಹೊರಟದ್ದು ಈಗ ನಮ್ಮ ಆಫೀಸಿನ ಕಾಫಿ ಮೆಷಿನ್ ತನಕ ಬಂದಿದೆ.

ಮಲ್ವಿ ಹೇಳಿದ್ದು ಬಸ್ ಸ್ಟಾಪಿನಲ್ಲಿ ಹುಡುಗಿಯನ್ನು ನುಂಗುವ ಹಾಗೆ ನೋಡುವ ಒಬ್ಬ ಗಂಡಸಿನ ಬಗ್ಗೆ ಅಲ್ಲ. ಸಿನಿಮಾದಲ್ಲಿ ಮೂರು ನೋಟ ಇರುತ್ತವೆ: ಕ್ಯಾಮೆರಾದ್ದು, ಪ್ರೇಕ್ಷಕರದ್ದು, ಪಾತ್ರಗಳು ಪರಸ್ಪರ ನೋಡಿಕೊಳ್ಳೋದು. ಹಾಲಿವುಡ್ ಮೊದಲಿನ ಎರಡನ್ನೂ ಮರೆಸಿ, ನಾಯಕನ ಕಣ್ಣಿನೊಳಗೆ ನಮ್ಮನ್ನು ಕೂರಿಸುತ್ತದೆ. ನಾವು ಕತ್ತಲೆಯಲ್ಲಿ ಕೂತು, ಯಾರಿಗೂ ಕಾಣದೆ, ತೆರೆಯ ಮೇಲಿನ ಹೆಂಗಸನ್ನು ಬೇಕಾದಷ್ಟು ಹೊತ್ತು ನೋಡಬಹುದು. ಅವಳು ತಿರುಗಿ ನೋಡೋದಿಲ್ಲ. ಇದು ಒಂದು ವ್ಯವಸ್ಥೆಯ ಮೇಲಿನ ದೂರು.

ಆಮೇಲೆ ಗೇಜ್-ಗ್ಲಾನ್ಸ್ ಎರಡನ್ನೂ ಜೋಡಿಯಾಗಿ ಇಟ್ಟು ಮಾತಾಡಿದವರು ಬಂದರು. ಜಾನ್ ಎಲ್ಲಿಸ್ 1982ರಲ್ಲಿ, ಸಿನಿಮಾ ಕೇಳೋದು ಗೇಜ್, ಟೀವಿಗೆ ಸಿಗೋದು ಗ್ಲಾನ್ಸ್ ಅಂದರು. ಥಿಯೇಟರಿನ ಕತ್ತಲಲ್ಲಿ ಕೂತವನಿಗೆ ಬೇರೆ ಕೆಲಸ ಇಲ್ಲ. ಮನೆಯಲ್ಲಿ ಟೀವಿ ಮುಂದೆ ಕೂತವರು ಎದ್ದು ಹೋಗ್ತಾರೆ, ಮಾತಾಡ್ತಾರೆ, ಆಗಾಗ ಕಣ್ಣು ಹಾಯಿಸ್ತಾರೆ. ಅದಕ್ಕೇ ಟೀವಿ ಶಬ್ದ ಮಾಡಿ ಕರೆಯುತ್ತದೆ. ಮರುವರ್ಷ ನಾರ್ಮನ್ ಬ್ರೈಸನ್ ಚಿತ್ರಕಲೆಗೆ ಇದೇ ಜೋಡಿ ತಂದರು. ಪಾಶ್ಚಾತ್ಯ ತೈಲಚಿತ್ರ ಬಣ್ಣದ ಮೇಲೆ ಬಣ್ಣ ಬಳಿದು ಕಲಾವಿದನ ಕೈ ಓಡಾಡಿದ ಗುರುತೆಲ್ಲ ಅಳಿಸುತ್ತದೆ, ದೇಹವೇ ಇಲ್ಲದ ಒಂದು ಕಣ್ಣು ನಿಂತು ನೋಡಿದ ಹಾಗೆ. ಅದು ಅವರ ಪ್ರಕಾರ ಗೇಜ್. ಚೀನಾದ ಶಾಯಿಯ ಚಿತ್ರದಲ್ಲಿ ಕುಂಚ ಎಲ್ಲಿ ಹೊರಟಿತು, ಎಲ್ಲಿ ನಿಂತಿತು ಎಲ್ಲ ಕಾಣುತ್ತದೆ. ಅಲ್ಲಿ ದೇಹ ಇದೆ, ಕಾಲ ಇದೆ, ಗ್ಲಾನ್ಸ್ ಇದೆ. ಹೀಗಾಗಿ ಓದಿಕೊಂಡವರ ಮಾತಿನಲ್ಲಿ ಗ್ಲಾನ್ಸ್ ಪಾಪದ್ದು, ಚುರುಕು, ಮಾನವೀಯ; ಗೇಜ್ ದರ್ಪದ್ದು. ನಾನೂ ಬಹಳ ದಿನ ಇದನ್ನೇ ನಂಬಿದ್ದೆ. ನಂಬಿಕೆ ಅಲ್ಲಾಡಿದ್ದು ಒಂದು ಸಿನಿಮಾದಿಂದ.

ಸೆಲೀನ್ ಸಿಯಾಮಾ ನಿರ್ದೇಶನದ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’, 2019ರ ಫ್ರೆಂಚ್ ಸಿನಿಮಾ. ಆ ವರ್ಷ ಕಾನ್‌ನಲ್ಲಿ ಅತ್ಯುತ್ತಮ ಚಿತ್ರಕಥೆ ಪ್ರಶಸ್ತಿ ಪಡೆದದ್ದು. ನಾನು ಇದನ್ನು ಎರಡು ಸಲ ನೋಡಿದೆ. ಮೊದಲ ಸಲ ವರ್ಕ್ ಫ್ರಮ್ ಹೋಮ್ ಕಾಲದಲ್ಲಿ, ಎರಡನೇ ಮಾನಿಟರಿನ ಮೂಲೆಯಲ್ಲಿ, ಒಂದು ಕಡೆ ಎಕ್ಸೆಲ್ ಶೀಟು, ಇನ್ನೊಂದು ಕಡೆ ಸಬ್‌ಟೈಟಲ್ಲು. ‘ಚೆನ್ನಾಗಿದೆ, ಸ್ವಲ್ಪ ಸ್ಲೋ’ ಅಂತ ಗ್ರೂಪಿನಲ್ಲಿ ಷರಾ ಬರೆದೆ. ಎಲ್ಲಿಸ್ ಹೇಳಿದ ಟೀವಿ ಪ್ರೇಕ್ಷಕನ ಹಾಗೆ ನಾನು ಸಿನಿಮಾ ನೋಡಿದ್ದೆ. ಎರಡನೇ ಸಲ ಬೇರೆ ಕಾರಣಕ್ಕೆ ನೋಡಿದೆ, ಅದನ್ನು ಮುಂದೆ ಹೇಳ್ತೀನಿ.

ಕಥೆ 18ನೇ ಶತಮಾನದ್ದು. ಬ್ರಿಟನಿ ತೀರದ ಒಂದು ದ್ವೀಪ. ಮರಿಯಾನ್ ಚಿತ್ರಕಲಾವಿದೆ. ಎಲೋಯಿಸ್ ಕಾನ್ವೆಂಟಿನಿಂದ ಆಗಷ್ಟೇ ಮನೆಗೆ ಬಂದ ಹುಡುಗಿ. ಅವಳ ಚಿತ್ರ ಬರೆಸಿ ಮಿಲಾನಿನ ವರನಿಗೆ ಕಳಿಸಬೇಕು, ಅವನು ಒಪ್ಪಿದರೆ ಮದುವೆ. ನಮ್ಮಲ್ಲಿ ಹುಡುಗಿ ಫೋಟೋ ಕಳಿಸ್ತಿದ್ದರಲ್ಲ, ಹಾಗೇ ಅಂದುಕೊಳ್ಳಿ. ಎಲೋಯಿಸ್‌ಗೆ ಮದುವೆ ಬೇಡ. ಹಿಂದಿನ ಚಿತ್ರಕಾರನ ಮುಂದೆ ಅವಳು ಕೂರಲೇ ಇಲ್ಲ, ಅವನು ಮುಖವಿಲ್ಲದ ಚಿತ್ರ ಬಿಟ್ಟು ಹೋಗಿದ್ದಾನೆ. ಹಾಗಾಗಿ ತಾಯಿಯ ಉಪಾಯ: ಮರಿಯಾನ್ ವಾಕಿಂಗ್‌ಗೆ ಜೊತೆಗಾತಿಯಾಗಿ ಬಂದವಳ ಹಾಗೆ ನಟಿಸಬೇಕು, ದಿನವಿಡೀ ಕದ್ದು ನೋಡಬೇಕು, ರಾತ್ರಿ ನೆನಪಿನಿಂದ ಬರೆಯಬೇಕು.

ಅಂದರೆ ಸಿನಿಮಾದ ಮೊದಲ ಭಾಗ ಪೂರ್ತಿ ಗ್ಲಾನ್ಸು. ಬಂಡೆಗಳ ಮೇಲೆ ಇಬ್ಬರೂ ನಡೀತಾರೆ. ಮರಿಯಾನ್ ಓರೆಗಣ್ಣಲ್ಲಿ ನೋಡ್ತಾಳೆ, ಎಲೋಯಿಸ್ ತಿರುಗಿದ ತಕ್ಷಣ ಕಣ್ಣು ಸಮುದ್ರದ ಕಡೆ. ಕಿವಿ ಹೇಗಿದೆ, ಕೈ ಹೇಗೆ ಮಡಚಿದೆ, ಗಲ್ಲದ ಅಂಚು ಎಲ್ಲಿ ಮುಗಿಯುತ್ತದೆ ಅಂತ ಒಂದೊಂದೇ ಜೇಬಿಗೆ ಹಾಕ್ಕೊಂಡು ಬರ್ತಾಳೆ. ಒಂದು ನೋಟವೂ ಉದ್ದ ಇಲ್ಲ. ದುರುಗುಟ್ಟೋದಿಲ್ಲ, ಅಸಭ್ಯ ಅಲ್ಲ. ಆದರೂ ನೋಡುವಾಗ ನಮಗೆ ಏನೋ ಕಸಿವಿಸಿ. ಯಾಕೆಂದರೆ ಪ್ರತಿಯೊಂದು ನೋಟವೂ ಕೇಳದೆ ತೆಗೆದುಕೊಂಡದ್ದು. ಲೆಗ್ ಗ್ಲಾನ್ಸ್ ಬಗ್ಗೆ ಹೇಳಿದ್ದು ಇಲ್ಲಿಗೆ ಬೇಕಿತ್ತು. ಶ್ರಮ ಆಕೆಯದ್ದು, ರನ್ ಈಕೆಯದ್ದು.

ಚಿತ್ರ ಮುಗಿಯುತ್ತದೆ. ಮರಿಯಾನ್ ನಿಜ ಒಪ್ಪಿಕೊಂಡು ಎಲೋಯಿಸ್‌ಗೇ ಮೊದಲು ತೋರಿಸ್ತಾಳೆ. ಎಲೋಯಿಸ್‌ಗೆ ಸಿಟ್ಟಿಗಿಂತ ಜಾಸ್ತಿ ನಿರಾಸೆ: ಇದು ನಾನಾ, ನೀನು ನನ್ನನ್ನು ಹೀಗೆ ಕಂಡೆಯಾ ಅಂತ. ಮರಿಯಾನ್ ಚಿತ್ರಕಲೆಯ ನಿಯಮ, ಸಂಪ್ರದಾಯ ಅಂತ ಏನೇನೋ ಹೇಳ್ತಾಳೆ. ಆದರೆ ಕಿವಿ ಸರಿ ಇದೆ, ಕೈ ಸರಿ ಇದೆ, ಆ ಹುಡುಗಿ ಮಾತ್ರ ಅಲ್ಲಿಲ್ಲ. ತುಣುಕುಗಳನ್ನು ಕದಿಯಬಹುದು, ಮನುಷ್ಯರನ್ನು ಕದಿಯೋಕಾಗಲ್ಲ. ಮರಿಯಾನ್ ಆ ಚಿತ್ರದ ಮುಖವನ್ನು ಒರೆಸಿ ಹಾಕ್ತಾಳೆ. ಆಗ ಎಲೋಯಿಸ್, ಎಲ್ಲರಿಗೂ ಆಶ್ಚರ್ಯ ಆಗುವ ಹಾಗೆ, ನಾನೇ ಕೂರ್ತೀನಿ ಅಂತಾಳೆ.

ಅಲ್ಲಿಂದ ಗೇಜು ಶುರು. ಈಗ ಮರಿಯಾನ್ ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಅದು ಅವಳ ಕೆಲಸ. ಒಂದು ದಿನ ಸ್ವಲ್ಪ ಜಂಬದಿಂದಲೇ, ನಿನಗೆ ಮುಜುಗರ ಆದಾಗ ಹೀಗೆ ಮಾಡ್ತೀಯ, ಸಿಟ್ಟು ಬಂದಾಗ ಹೀಗೆ ಮಾಡ್ತೀಯ ಅಂತ ಪಟ್ಟಿ ಒಪ್ಪಿಸ್ತಾಳೆ. ಎಲೋಯಿಸ್ ಅವಳನ್ನು ಹತ್ತಿರ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ತಾಳೆ. ಈಗ ನೋಡು, ನೀನು ಅಲ್ಲಿ ನಿಂತು ನನ್ನನ್ನೇ ನೋಡ್ತಿರುವಾಗ ಇಲ್ಲಿ ಕೂತವಳು ಯಾರನ್ನು ನೋಡ್ತಿರ್ತಾಳೆ ಅನ್ನುವ ಅರ್ಥದ ಪ್ರಶ್ನೆ ಕೇಳಿ, ಮರಿಯಾನ್‌ಳ ಪಟ್ಟಿಯನ್ನು ಅವಳಿಗೇ ಓದಿಬಿಡ್ತಾಳೆ: ಮಾತು ತೋಚದೆ ಹೋದಾಗ ಹಣೆ ಮುಟ್ಟಿಕೊಳ್ತೀಯ, ಹತೋಟಿ ತಪ್ಪಿದಾಗ ಹುಬ್ಬೇರಿಸ್ತೀಯ. ಮರಿಯಾನ್‌ಳ ಮುಖ ನೋಡಬೇಕು ಆಗ. ಇಷ್ಟು ದಿನ ತಾನು ಕಣ್ಣು ಮಾತ್ರ ಅಂದುಕೊಂಡಿದ್ದವಳಿಗೆ ತನಗೂ ಒಂದು ಮುಖ ಇದೆ ಅಂತ ಗೊತ್ತಾಗುತ್ತದೆ.

ನನ್ನ ವಾದ ಇಷ್ಟೇ. ಗ್ಲಾನ್ಸು ಮತ್ತು ಗೇಜಿನ ನಡುವೆ ಇರುವ ನಿಜವಾದ ವ್ಯತ್ಯಾಸ ಸೆಕೆಂಡುಗಳದ್ದಲ್ಲ, ಬೆಲೆಯದ್ದು. ಗ್ಲಾನ್ಸ್ ಬಿಟ್ಟಿ. ತಾಗಿ ಜಾರಿಹೋದ ಕತ್ತಿಗೆ ಏನೂ ಆಗಿರೋದಿಲ್ಲ. ಒಂದು ಕಡೆ ನಿಂತು ನೋಡ್ತಾ ಹೋದರೆ ಮಾತ್ರ, ಬೇಗನೋ ತಡವಾಗಿಯೋ, ನೋಡುವವರೂ ಸಿಕ್ಕಿಬೀಳ್ತಾರೆ. ಹಾಗೆ ನೋಡಿದರೆ ಮಲ್ವಿ ದೂರಿದ ‘ಗೇಜ್’ ಈ ಅರ್ಥದಲ್ಲಿ ಗೇಜೇ ಅಲ್ಲ. ಕತ್ತಲಲ್ಲಿ ಕೂತು, ಮುಖ ತೋರಿಸದೆ, ಏನೂ ಕಳೆದುಕೊಳ್ಳದೆ ಎರಡು ಗಂಟೆ ನೋಡೋದು ಅಂದರೆ ಎರಡು ಗಂಟೆ ಎಳೆದ ಒಂದು ಗ್ಲಾನ್ಸ್ ಅಷ್ಟೇ. ಉದ್ದ ಗೇಜಿನದ್ದು, ನಡತೆ ಗ್ಲಾನ್ಸಿನದ್ದು. ಮಲ್ವಿಯವರ ದೂರು ಸರಿ. ನಾವು ಅದನ್ನು ಕೇಳಿಸಿಕೊಂಡು ‘ಉದ್ದವಾಗಿ ನೋಡೋದೇ ತಪ್ಪು’ ಅಂತ ಅಂದುಕೊಂಡದ್ದು ಸರಿ ಇಲ್ಲ.

ಹಾಗಂತ ಪರಸ್ಪರ ನೋಡಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂತ ಈ ಸಿನಿಮಾ ಸುಳ್ಳು ಹೇಳೋದಿಲ್ಲ. ಅದೇ ಇದರ ದೊಡ್ಡತನ. ಎರಡನೇ ಚಿತ್ರ ಅದ್ಭುತವಾಗಿ ಬರುತ್ತದೆ. ಅದು ಚೆನ್ನಾಗಿ ಬಂದದ್ದರಿಂದಲೇ ಎಲೋಯಿಸ್ ಮಿಲಾನಿಗೆ ಹೋಗಬೇಕಾಗುತ್ತದೆ. ಮರಿಯಾನ್ ಪ್ರೀತಿಯಿಂದ ನೋಡಿದಷ್ಟೂ ಚಿತ್ರ ಜೀವಂತ, ಚಿತ್ರ ಜೀವಂತವಾದಷ್ಟೂ ಮದುವೆ ಹತ್ತಿರ. ಇದನ್ನೇ ನಾನು ಬೆಲೆ ಅಂದದ್ದು. ಇನ್ನೊಂದು ಮಾತೂ ಹೇಳಬೇಕು. ಇಬ್ಬರು ಹೀಗೆ ಸರಿಸಮ ನಿಂತು ನೋಡಿಕೊಳ್ಳೋಕೆ ಸಾಧ್ಯ ಆದದ್ದು ತಾಯಿ ಊರಲ್ಲಿ ಇಲ್ಲದ ಐದು ದಿನ ಮಾತ್ರ. ಗಂಡಸರು ಈ ಸಿನಿಮಾದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸಿಯಾಮಾ ಸಮಸ್ಯೆಯನ್ನು ಬಿಡಿಸೋದಕ್ಕಿಂತ ಅದನ್ನು ಐದು ದಿನ ಹೊರಗೆ ಕಳಿಸಿದ್ದಾರೆ ಅಂತ ಯಾರಾದರೂ ಅಂದರೆ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಆ ಐದು ದಿನದಲ್ಲಿ ಒಂದು ದೃಶ್ಯ ಇದೆ. ಮನೆಗೆಲಸದ ಹುಡುಗಿ ಸೋಫಿಗೆ ಬೇಡದ ಬಸಿರು. ಹಳ್ಳಿಯ ಹೆಂಗಸೊಬ್ಬಳ ಗುಡಿಸಲಿಗೆ ಹೋಗಿ ತೆಗೆಸುತ್ತಾರೆ. ಸೋಫಿಯ ನೋವು ನೋಡಲಾಗದೆ ಮರಿಯಾನ್ ಮುಖ ತಿರುಗಿಸ್ತಾಳೆ. ಎಲೋಯಿಸ್ ಅವಳಿಗೆ ಹೇಳೋದು ಒಂದೇ, ನೋಡು ಅಂತ. ಮೊದಲ ಸಲ ಈ ದೃಶ್ಯ ಬಂದಾಗ ನಾನು ಎಕ್ಸೆಲ್ ಶೀಟಿನಲ್ಲಿ ಇದ್ದೆ ಅನ್ನಿಸುತ್ತದೆ, ನೆನಪೇ ಇಲ್ಲ. ಎರಡನೇ ಸಲ ಆ ಮಾತು ನೇರ ನನಗೇ ಬಂದು ತಾಗಿತು. ಓರೆಯಾಗಿ ಜಾರಿಹೋಗಲಿಲ್ಲ.

ಎರಡನೇ ಸಲ ನೋಡಿದ್ದಕ್ಕೆ ಕಾರಣ ಅಂದೆನಲ್ಲ. ನಾನು ದಿನಾ ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ವಿಡಿಯೋ ಕಾಲ್ ಮಾಡ್ತೀನಿ. ಈ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು. ನನ್ನ ಫ್ರೆಂಡ್ಸು ವಾರಕ್ಕೊಂದು ಸಲ ಮಾಡೋರು, ನಾನು ದಿನಾ. ಫೋನ್ ಲ್ಯಾಪ್‌ಟಾಪಿಗೆ ಒರಗಿಸಿಟ್ಟು, ಊಟ ಆಯ್ತಾ, ಏನ್ ಸಾರು, ಮಳೆ ಬಂತಾ ಅಂತ ಕೇಳ್ತಾ, ಈ ಕಡೆ ಮೇಲ್ ನೋಡ್ತಾ. ಹಬ್ಬಕ್ಕೆ ಊರಿಗೆ ಹೋದೆ. ಬೆಳಿಗ್ಗೆ ಎದ್ದು ಬಂದರೆ, ಪಕ್ಕದ ಮನೆ ಹುಡುಗಿ ಜಗಲಿಯ ಮೇಲೆ ಕೂತು ಅಮ್ಮನಿಗೆ ಜಡೆ ಹಾಕ್ತಿದ್ದಳು.

‘ಏನಮ್ಮಾ ಇದು, ಹೊಸ ಸ್ಟೈಲು?’ ಅಂದೆ.

‘ಎಡಗೈ ಮೇಲೆ ಹೋಗಲ್ಲ ಕಣೋ. ಭುಜ ಹಿಡ್ಕೊಂಡಿದೆ. ಮೂರು ತಿಂಗಳಾಯ್ತು.’

‘ಮತ್ತೆ ಹೇಳ್ಲೇ ಇಲ್ಲ?’

‘ಹೇಳೋದೇನು? ನೀನು ದಿನಾ ನೋಡ್ತಿದ್ಯಲ್ಲ.’

ಅಮ್ಮ ಚುಚ್ಚಿ ಆಡಿದ ಮಾತಲ್ಲ ಅದು. ಅವಳಿಗೆ ಹಾಗೆ ಮಾತಾಡೋಕೆ ಬರೋದೂ ಇಲ್ಲ. ನಾನು ನೋಡಿರ್ತೀನಿ ಅಂತ ಅವಳು ನಿಜವಾಗಿ ನಂಬಿದ್ದಳು. ಆಮೇಲೆ ಫೋನಿನಲ್ಲಿದ್ದ ಸ್ಕ್ರೀನ್‌ಶಾಟುಗಳನ್ನು ತೆಗೆದು ನೋಡಿದೆ. ಸಂಜೆ ಹೊತ್ತಿಗೆ ಕೂದಲು ಬಿಚ್ಚಿ ಹೋಗಿದೆ, ಹೇಗೋ ಒಂದು ರಬ್ಬರ್ ಬ್ಯಾಂಡ್ ಹಾಕಿದ್ದಾಳೆ. ಫೋನು ಯಾವಾಗಲೂ ಬಲಗೈಯಲ್ಲೇ. ಎಲ್ಲ ಅಲ್ಲೇ ಇತ್ತು. ಮರಿಯಾನ್ ಆಗಿದ್ದರೆ ಮೊದಲ ದಿನವೇ ಕಾಣೋದು. ನನ್ನ ಹತ್ತಿರ ತೊಂಬತ್ತು ದಿನದ ಗ್ಲಾನ್ಸುಗಳಿದ್ದವು. ಎಲ್ಲ ಕೂಡಿಸಿದರೂ ಒಂದು ನೋಟ ಆಗಲಿಲ್ಲ. ಕಡೆಗಣ್ಣಲ್ಲಿ ನೋಡಿದ್ದೆ, ಕಡೆಗಣಿಸಿದ್ದೆ.

ಅದೇ ವಾರ ಬೆಂಗಳೂರಿಗೆ ವಾಪಸ್ ಬಂದು ಸಿನಿಮಾ ಮತ್ತೆ ಹಾಕಿದೆ. ಫೋನು ಬೇರೆ ರೂಮಲ್ಲಿ ಇಟ್ಟೆ.

ಕೊನೆಯ ದೃಶ್ಯದ ಬಗ್ಗೆ ಹೇಳದೆ ಮುಗಿಸೋಕಾಗಲ್ಲ. ಅದು ನನ್ನ ವಾದಕ್ಕೆ ಅಡ್ಡ ಬರುತ್ತದೆ ಅನ್ನೋದಕ್ಕೇ ಹೇಳಬೇಕು. ವರ್ಷಗಳಾದ ಮೇಲೆ ಒಂದು ಸಂಗೀತ ಕಚೇರಿ. ಮರಿಯಾನ್ ಒಂದು ಕಡೆ, ಎದುರು ಬಾಲ್ಕನಿಯಲ್ಲಿ ಎಲೋಯಿಸ್ ಒಬ್ಬಳೇ. ವಿವಾಲ್ದಿಯ ‘ಬೇಸಿಗೆ’ ಶುರುವಾಗುತ್ತದೆ. ಕ್ಯಾಮೆರಾ ನಿಧಾನವಾಗಿ ಎಲೋಯಿಸ್‌ಳ ಮುಖಕ್ಕೆ ಹತ್ತಿರ ಹೋಗುತ್ತದೆ, ಒಂದು ಕಟ್ಟೂ ಇಲ್ಲ. ಅವಳು ಅಳ್ತಾಳೆ, ಏದುಸಿರು ಬಿಡ್ತಾಳೆ, ನಗ್ತಾಳೆ. ಮರಿಯಾನ್ ಕಡೆ ಒಂದು ಸಲವೂ ತಿರುಗೋದಿಲ್ಲ. ಅಂದರೆ ಇಲ್ಲಿ ಗೇಜ್ ಇದೆ, ಉತ್ತರ ಇಲ್ಲ. ನೋಡುವವಳು ಕತ್ತಲಲ್ಲಿ, ನೋಡಿಸಿಕೊಳ್ಳುವವಳಿಗೆ ಗೊತ್ತೇ ಇಲ್ಲ. ಮೇಲ್ನೋಟಕ್ಕೆ ಮಲ್ವಿ ದೂರಿದ ವ್ಯವಸ್ಥೆಯೇ ವಾಪಸ್ ಬಂದ ಹಾಗಾಯಿತಲ್ಲ?

ಆದರೆ ನನಗೆ ಹಾಗೆ ಅನ್ನಿಸಲಿಲ್ಲ. ಈ ಹೊತ್ತಿಗೆ ಮರಿಯಾನ್ ಏನೇನು ಕಳೆದುಕೊಂಡಿದ್ದಾಳೆ ಅಂತ ನಮಗೆ ಗೊತ್ತು. ಬೆಲೆ ಮೊದಲೇ ಕಟ್ಟಿ ಆಗಿದೆ. ಈ ನೋಟದಿಂದ ಅವಳಿಗೆ ಏನೂ ಸಿಗೋದಿಲ್ಲ, ಯಾರಿಗೂ ಕಳಿಸುವ ಚಿತ್ರ ಇಲ್ಲ, ದುಡ್ಡಿಲ್ಲ. ಸುಮ್ಮನೆ ನೋಡ್ತಾಳೆ, ಕಣ್ಣು ತೆಗೆಯದೆ. ಜೊತೆಗೆ ನಾವೂ. ಸಿನಿಮಾ ಎರಡು ಗಂಟೆ ನಮಗೆ ಕೊಟ್ಟ ತರಬೇತಿಯ ಪರೀಕ್ಷೆ ಇದು, ಒಂದು ಮುಖವನ್ನು ಪೂರ್ತಿ ನೋಡೋಕೆ ಬರುತ್ತಾ ಅಂತ. ಮೊದಲ ಸಲ ನಾನು ಇಲ್ಲಿ ಹತ್ತು ಸೆಕೆಂಡ್ ಫಾರ್ವರ್ಡ್ ಬಟನ್ ಒತ್ತಿದ್ದೆ. ಈಗ ಹೇಳೋಕೆ ನಾಚಿಕೆ ಆಗುತ್ತದೆ.

ಇನ್ನು ಆ ಇಬ್ಬರು ಸ್ನೇಹಿತರ ವಿಷಯ. ಆ್ಯಪ್‌ನವನಿಗೆ ‘ಒಂದೇ ನೋಟದಲ್ಲಿ’ ಬದಲು ‘ಕಣ್ಣಾಡಿಸಿ’ ಅಂತ ಹಾಕು ಅಂದೆ. ಖರ್ಚಿನ ಲೆಕ್ಕಕ್ಕೆ ಅಷ್ಟು ಸಾಕು, ಎಲ್ಲವನ್ನೂ ಎವೆಯಿಕ್ಕದೆ ನೋಡ್ತಾ ಕೂತರೆ ಬದುಕು ನಡೆಯೋದಿಲ್ಲ. ಸಿನಿಮಾದವಳಿಗೆ ‘ಪುರುಷ ನೋಟ’ವನ್ನು ಹಾಗೇ ಇಟ್ಟುಕೋ, ಆದರೆ ‘ನೆಟ್ಟ ನೋಟ’ ಅನ್ನೋದನ್ನು ಅದಕ್ಕೆ ಖರ್ಚು ಮಾಡಬೇಡ, ಬೇರೆ ಕೆಲಸಕ್ಕೆ ಬೇಕು ಅಂದೆ. ಅವಳು ಇನ್ನೂ ಒಪ್ಪಿಲ್ಲ, ಜಗಳ ನಡೀತಿದೆ.

ಅಮ್ಮನಿಗೆ ಫಿಸಿಯೋಥೆರಪಿ ನಡೀತಿದೆ. ಕೈ ಈಗ ಕಿವಿಯ ತನಕ ಹೋಗುತ್ತದೆ, ಜಡೆಗೆ ಇನ್ನೂ ಸ್ವಲ್ಪ ಬಾಕಿ. ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಕಾಲ್ ಮಾಡ್ತೀನಿ. ಮೊನ್ನೆ ಅಮ್ಮ, ‘ಏನೋ ಹಂಗೆ ನೋಡ್ತೀಯ, ದೃಷ್ಟಿ ಆಗುತ್ತೆ’ ಅಂದಳು. ಆಗಲಿ ಬಿಡಮ್ಮ ಅಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ನೀನ್ಯಾಕೋ ಸಣ್ಣ ಆಗಿದೀಯ?’ ಅಂದಳು.